ವೀಲ್‌ಚೇರಿನಲ್ಲಿ ಹೊರಟರೆ: ಬೆಂಗಳೂರು ಅರಮನೆಯೋ, ಟಿಪ್ಪು ಅರಮನೆಯೋ, ಲಾಲ್‌ಬಾಗೋ?

ಇರುವುದು ಒಂದೇ ದಿನ ಎನ್ನುವುದಾದರೆ ಲಾಲ್‌ಬಾಗಿಗೆ ಹೋಗಿ. ಅರಮನೆಯನ್ನೇ ನೋಡಬೇಕೆಂದಿದ್ದರೆ ಕೆ.ಆರ್. ಮಾರುಕಟ್ಟೆ ಪಕ್ಕದ ಟಿಪ್ಪು ಬೇಸಿಗೆ ಅರಮನೆ. ವಸಂತನಗರದ ಬೆಂಗಳೂರು ಅರಮನೆಗೆ ಮೂರನೆಯ ಸ್ಥಾನ, ಮೂರರಲ್ಲಿ ಅದರ ಟಿಕೆಟ್ಟೇ ದುಬಾರಿ. ಕೈಯಿಂದ ತಳ್ಳುವ, ಮಡಚಬಹುದಾದ ವೀಲ್‌ಚೇರ್, ತಳ್ಳಲು ಜೊತೆಗೊಬ್ಬರು ಎಂಬ ಲೆಕ್ಕದಲ್ಲಿ ಈ ಹೋಲಿಕೆ.

ಎರಡು ಅರಮನೆಗಳ ವ್ಯತ್ಯಾಸ ಅವನ್ನು ಕಟ್ಟಿಸಿದ ಉದ್ದೇಶದಲ್ಲೇ ಇದೆ. ಹೈದರಾಲಿ ಆರಂಭಿಸಿ ಟಿಪ್ಪು 1791ರಲ್ಲಿ ಮುಗಿಸಿದ ತೇಗದ ಅರಮನೆಯಲ್ಲಿ ದೊರೆ ದರ್ಬಾರು ನಡೆಸುತ್ತಿದ್ದದ್ದು ಮೇಲಿನ ಮೊಗಸಾಲೆಯಿಂದ. ಜನ ನಿಂತು ನೋಡುತ್ತಿದ್ದದ್ದು ಕೆಳಗಿನಿಂದ. ಎತ್ತರದ ಕಂಬಗಳು, ಕಮಾನುಗಳು, ಮುಂಚಾಚಿದ ಮೊಗಸಾಲೆ ಎಲ್ಲವೂ ಅಂಗಳದಿಂದಲೇ ಚೆನ್ನಾಗಿ ಕಾಣುತ್ತವೆ. ಮೇಲಂತಸ್ತಿನ ಕಡಿದಾದ, ಇಕ್ಕಟ್ಟಾದ ಮೆಟ್ಟಿಲನ್ನು ಬಿಟ್ಟರೂ ಮುಖ್ಯವಾದದ್ದು ಕಣ್ಣಿಗೆ ಸಿಗುತ್ತದೆ. ತೊಡಕಿರುವುದು ಅರಮನೆಗಿಂತ ಹೊರಗಿನ ಬೀದಿಯಲ್ಲಿ. ಮೆಟ್ರೊ ನಿಲ್ದಾಣದಲ್ಲಿ ಲಿಫ್ಟ್ ಇದೆ, ಆದರೆ ಅಲ್ಲಿಂದ ಮುಂದೆ ಮಾರುಕಟ್ಟೆಯ ಜನಜಂಗುಳಿ, ಒಡೆದ ಚಪ್ಪಡಿ, ಫುಟ್‌ಪಾತಿನ ಮೇಲೇ ನಿಂತ ಬೈಕು. ಆಲ್ಬರ್ಟ್ ವಿಕ್ಟರ್ ರಸ್ತೆಯಲ್ಲಿ ಅರಮನೆಯ ಗೇಟಿಗೇ ಆಟೊ ತಂದು ಇಳಿಯುವುದು ಉತ್ತಮ.

ಬೆಂಗಳೂರು ಅರಮನೆಯ ಕಥೆ ಇದರ ತಿರುವುಮುರುವು. ಗ್ಯಾರೆಟ್ ಎಂಬ ಶಾಲಾ ಪ್ರಾಂಶುಪಾಲರು 1862ರಲ್ಲಿ ಕಟ್ಟಲು ತೊಡಗಿದ ಆ ಮನೆಯನ್ನು 1873ರಲ್ಲಿ ಮೈಸೂರು ಅರಸರಿಗಾಗಿ ಕೊಳ್ಳಲಾಯಿತು. ಅತಿಥಿಗಳು ಅಲಂಕೃತ ಮೆಟ್ಟಿಲು ಹತ್ತಿ ದರ್ಬಾರ್ ಹಾಲಿಗೆ ಬರಬೇಕೆಂಬುದೇ ಅದರ ವಿನ್ಯಾಸ. ಬಣ್ಣದ ಗಾಜಿನ ಕಿಟಕಿಗಳ ಸಾಲಿರುವುದೂ ಆ ಹಾಲಿನಲ್ಲೇ. ಕೆಳಗೇ ಉಳಿದವರಿಗೆ ನೀಲಿ ಹೆಂಚು ಹೊದಿಸಿದ ಕಲ್ಲಿನ ಆಸನಗಳ ತೆರೆದ ಅಂಗಳ, ಹೊರಗಿನ ಗೋಪುರಗಳು ಸಿಗುತ್ತವೆ. ಚೆನ್ನಾಗಿಯೇ ಇವೆ, ಆದರೆ ಪೂರ್ತಿ ಟಿಕೆಟ್ಟಿಗೆ ಅರ್ಧ ಅರಮನೆ ಅನಿಸುತ್ತದೆ.

ಯಾವ ಹಳೆಯ ಕಟ್ಟಡಕ್ಕೇ ಆಗಲಿ, ಫೋನ್ ಮಾಡುವಾಗ "ವೀಲ್‌ಚೇರ್ ಬರುತ್ತಾ?" ಎಂದು ಕೇಳಬೇಡಿ. "ಬನ್ನಿ ಸಾರ್, ನಾವೇ ಎತ್ಕೊಂಡ್ ಹೋಗ್ತೀವಿ" ಎಂಬ ಪ್ರೀತಿಯ ಉತ್ತರದಿಂದ ಏನೂ ತಿಳಿಯುವುದಿಲ್ಲ. ಗೇಟಿನಿಂದ ಒಳಗಿನವರೆಗೆ ಎಷ್ಟು ಮೆಟ್ಟಿಲು, ಒಂದೊಂದರ ಎತ್ತರ ಎಷ್ಟು, ಶೌಚಾಲಯದ ಬಾಗಿಲು ತೆರೆದಾಗ ಸಿಗುವ ಅಗಲ ಎಷ್ಟು ಎಂದು ಕೇಳಿ. ಸಾಮಾನ್ಯ ವೀಲ್‌ಚೇರಿನ ಅಗಲ 65 ಸೆಂ.ಮೀ. ಆಸುಪಾಸು, ತಳ್ಳುವ ಕೈಗೂ ಜಾಗ ಬೇಕಾದ್ದರಿಂದ ಬಾಗಿಲು 80 ಸೆಂ.ಮೀ. ಇರಬೇಕು. ಮಡಚುವ ರ‍್ಯಾಂಪ್ ಒಯ್ಯುವವರಿಗೊಂದು ಲೆಕ್ಕ: ಎತ್ತರದ 12 ಪಟ್ಟು ಉದ್ದ ಬೇಕು. 15 ಸೆಂ.ಮೀ. ಮೆಟ್ಟಿಲೊಂದಕ್ಕೇ 1.8 ಮೀಟರ್, ಎರಡಾದರೆ 3.6 ಮೀಟರ್, ಅಷ್ಟುದ್ದದ್ದನ್ನು ಯಾರೂ ಹೊರಲಾರರು. ಎತ್ತಲೇಬೇಕಾಗಿ ಬಂದರೆ ಕೈಯಾನಿಕೆ, ಕಾಲುಹಲಗೆ ಹಿಡಿಯಲು ಬಿಡಬೇಡಿ. ಅವು ಕಳಚಿ ಬರುವ ಭಾಗಗಳು, ಅರ್ಧ ದಾರಿಯಲ್ಲಿ ಕೈಗೇ ಬಂದುಬಿಡುತ್ತವೆ. ಹಿಡಿಯಬೇಕಾದ್ದು ಮೂಲ ಚೌಕಟ್ಟನ್ನು.

ಲಾಲ್‌ಬಾಗ್ ಗೆಲ್ಲುವುದು ಅದರ ಅಗಲವಾದ ಟಾರು ದಾರಿಗಳಿಂದ. 240 ಎಕರೆಯ ತೋಟ, ಹೈದರಾಲಿ ಕಾಲದ್ದು. ಹಸಿರು ಮಾರ್ಗದ ಲಾಲ್‌ಬಾಗ್ ನಿಲ್ದಾಣದಲ್ಲಿ ಲಿಫ್ಟಿನಿಂದ ಇಳಿದರೆ ಪಶ್ಚಿಮ ಗೇಟು ಹತ್ತಿರ. 1889ರ ಗಾಜಿನ ಮನೆಗೆ ನಿಧಾನವಾಗಿ ಒಂದು ಪ್ರದಕ್ಷಿಣೆ, ಆಮೇಲೆ ದೊಡ್ಡ ಬೂರುಗದ ಮರ, ಕಲ್ಲಾಗಿ ಹೋದ ಮರದ ಕಾಂಡ, ಕೆರೆ. 300 ಕೋಟಿ ವರ್ಷದ ಬಂಡೆಯನ್ನು ಬುಡದಿಂದಲೇ ನೋಡಿ. ಕೆಂಪೇಗೌಡರ ಗೋಪುರದವರೆಗೆ ತಳ್ಳಿಸಿಕೊಂಡು ಹೋಗುವ ಸಾಹಸ ಬೇಡ: ಬರಿ ಬಂಡೆಯ ಇಳಿಜಾರು, ಮಳೆ ಬಿದ್ದರೆ ಜಾರುತ್ತದೆ, ಬ್ರೇಕ್ ಹಾಕಿದರೂ ಚಕ್ರ ಸರಿಯಬಹುದು.

ಟಾರು ಬಿಟ್ಟು ಕೆಳಗಿಳಿದರೆ ಅಂಗೈ ಅಗಲದ ಮುಂದಿನ ಗಾಲಿಗಳು ಜಲ್ಲಿಗೋ ಒದ್ದೆ ಮಣ್ಣಿಗೋ ಹೂತುಕೊಳ್ಳುತ್ತವೆ, ಕುಳಿತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಅಂಥ ಕಡೆ ಕುರ್ಚಿಯನ್ನು ತಿರುಗಿಸಿ, ದೊಡ್ಡ ಹಿಂಚಕ್ರ ಮೊದಲು ಹೋಗುವಂತೆ ಎಳೆಯಬೇಕು. ಕಡಿದಾದ ಇಳಿಜಾರಿನಲ್ಲೂ ಹಿಮ್ಮುಖವಾಗಿಯೇ ಇಳಿಸಿ. ಉದುರೆಲೆಯ ಕೆಳಗೆ ಮರದ ಬೇರು ಎದ್ದಿರುತ್ತದೆ, ಕಣ್ಣಿಡಿ. ತೋಟದೊಳಗೆ ಸುತ್ತಿಸುವ ಬ್ಯಾಟರಿ ಗಾಡಿ ಬಳಸುವುದಾದರೆ ಕುರ್ಚಿಯಿಂದೆದ್ದು ಅದರ ಸೀಟಿಗೆ ದಾಟಬೇಕಾಗುತ್ತದೆ. ದಾಟಲು ಆಗದವರಿಗೆ ಸ್ವಂತ ಗಾಲಿಯೇ ಗತಿ.

ಜನವರಿ, ಆಗಸ್ಟ್‌ನ ಫಲಪುಷ್ಪ ಪ್ರದರ್ಶನಕ್ಕೆ ಹೋಗುವ ಆಸೆ ಸಹಜ. ಆದರೆ ಕುಳಿತವರ ಕಣ್ಣಿನ ಎತ್ತರಕ್ಕೆ ಆಗ ಕಾಣುವುದು ಬರೀ ಬೆನ್ನುಗಳು. ಹೋಗಲೇಬೇಕಿದ್ದರೆ ವಾರದ ದಿನ, ಬಾಗಿಲು ತೆರೆದ ಕೂಡಲೇ. ಭಾನುವಾರ ಮಾತ್ರ ಬಿಡುವು ಇರುವವರು ಕಬ್ಬನ್ ಪಾರ್ಕಿಗೆ ಹೋಗಬಹುದು. ಅಂದು ಒಳರಸ್ತೆಗಳಲ್ಲಿ ವಾಹನ ಬಿಡುವುದಿಲ್ಲ, ಈಗ ಹೈಕೋರ್ಟ್ ಇರುವ ಕೆಂಪು ಅಠಾರಾ ಕಚೇರಿಯನ್ನೂ ನೋಡಿದಂತಾಗುತ್ತದೆ. 1868ರಲ್ಲಿ ಆಡಳಿತದ ಕಚೇರಿಗಳು ಟಿಪ್ಪು ಅರಮನೆಯಿಂದ ಸ್ಥಳಾಂತರವಾದದ್ದು ಇಲ್ಲಿಗೇ.