ವರ್ತನೆ ಹಾಲೋ, ಪ್ಯಾಕೆಟ್ಟೋ, ಟೆಟ್ರಾ ಪ್ಯಾಕೋ?

ದಿನಾ ಮನೆಗೇ ತಂದು ವರ್ತನೆಯವರು ಅಳೆದು ಹೊಯ್ಯುವ ಹಾಲಿನ ಕೆನೆಗೆ ಸಾಟಿಯಿಲ್ಲ, ಒಪ್ಪಿದೆ. ಆದರೆ ಹಸಿಯಾಗಿ ಕುಡಿದರೆ ಬ್ರುಸೆಲ್ಲಾ, ಕ್ಷಯದಂಥ ರೋಗಾಣುಗಳ ಭಯ, ಉಕ್ಕುವವರೆಗೆ ಕಾಯಿಸಲೇಬೇಕು. ನೀರಿನ ವಿಷಯ ಬೇರೆ ಮಾತು!

ನಂದಿನಿಯಂಥ ಪ್ಯಾಕೆಟ್ ಹಾಲನ್ನು ಪಾಶ್ಚರೀಕರಿಸಿರುತ್ತಾರೆ: ಸಾಮಾನ್ಯವಾಗಿ 72 ಡಿಗ್ರಿ ಸೆಲ್ಸಿಯಸ್, 15 ಸೆಕೆಂಡು, ತಕ್ಷಣ ತಂಪು. ರೋಗಾಣುಗಳು ಸಾಯುತ್ತವೆ, ಹಾಲು ಕೆಡಿಸುವ ಕೆಲವು ಸೂಕ್ಷ್ಮಾಣುಗಳು ಉಳಿಯುತ್ತವೆ. ಅದಕ್ಕೇ ಫ್ರಿಜ್ ಬೇಕು. ಅಂಗಡಿ ಮುಂದೆ ಕ್ರೇಟಿನಲ್ಲಿ ಬಿಸಿಲು ಕಾಯಿಸುತ್ತ ಕೂತ, ಮುಟ್ಟಿದರೆ ಬೆಚ್ಚಗಿರುವ ಪ್ಯಾಕೆಟ್ಟನ್ನು ನಾನಂತೂ ತರುವುದಿಲ್ಲ.

ಟೆಟ್ರಾ ಪ್ಯಾಕಿನಲ್ಲಿ ಬರುವ ಗುಡ್‌ಲೈಫ್‌ನಂಥ ಯುಎಚ್‌ಟಿ (ಅತಿ ಹೆಚ್ಚು ಶಾಖ ಕೊಟ್ಟ) ಹಾಲಿಗೆ ಸುಮಾರು 135 ಡಿಗ್ರಿ ಶಾಖ, ಕೆಲವೇ ಸೆಕೆಂಡು. ಕತ್ತರಿಸುವವರೆಗೆ ಫ್ರಿಜ್ ಬೇಡ. ಆಮೇಲೆ ಬೇಕೇ ಬೇಕು. ತುಸು ಬೆಂದ ರುಚಿ. ಒಂಟಿಯಾಗಿರುವವರಿಗೆ, ಪ್ರಯಾಣಕ್ಕೆ ಇದೇ ಸರಿ. ಗಟ್ಟಿ ಮೊಸರಿಗೆ ಮಾತ್ರ ನನ್ನ ಓಟು ಪ್ಯಾಕೆಟ್ಟಿಗೆ.