ರೆಕಾರ್ಡಿಂಗಲ್ಲಿ ಟಕ್ ಟಕ್ ಅಂತ ಬಂದ್ರೆ ಕಂಪ್ಯೂಟರ್ ಹೊತ್ಕೊಂಡು ಅಂಗಡಿಗೆ ಓಡಬೇಡಿ

ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲೇ ಹಾಡು ರೆಕಾರ್ಡ್ ಮಾಡುವ ಹಳೇ ಕಂಪ್ಯೂಟರ್ ನಿಮ್ಮ ಹತ್ತಿರ ಇದೆಯಾ? ಅದರಲ್ಲಿ ಟಕ್, ಚಟ್ ಅನ್ನೋ ಸದ್ದು ಶುರುವಾಗಿದೆಯಾ? ಹಾಗಿದ್ದರೆ ಅದನ್ನು ಯಾರ ಕೈಗೂ ಕೊಡುವ ಮುಂಚೆ ಇದನ್ನು ಓದಿ. ನಾನು ಕೊಟ್ಟೆ. ಸದ್ದು ಹೋಗಲಿಲ್ಲ. ದೊಡ್ಡವ್ವ ಹಾಡಿದ ಪದಗಳು ಹೋದವು.

ನನ್ನದು 2012ರಲ್ಲಿ ಜೋಡಿಸಿದ ಡೆಸ್ಕ್‌ಟಾಪ್. ಮೂರನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಮಹಡಿ ಮೇಲೆ ಸಣ್ಣ ರೂಮು, ಗೋಡೆಗೆ ಹಳೇ ರಗ್ಗು, ಎರಡು ಮೈಕ್ ಹಾಕುವ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್, ಅಂದರೆ ಮೈಕಿನ ಸದ್ದನ್ನು ಕಂಪ್ಯೂಟರಿಗೆ ದಾಟಿಸುವ ಪೆಟ್ಟಿಗೆ. ರೆಕಾರ್ಡಿಂಗಿಗೆ ರೀಪರ್ ಅನ್ನೋ ಪ್ರೋಗ್ರಾಮ್. ಭಜನೆ, ಭಾವಗೀತೆ, ಶಾಲೆ ಮಕ್ಕಳ ಸ್ವಾಗತಗೀತೆ, ಎಲ್ಲ ಇದರಲ್ಲೇ ಆಗಿದೆ. ಸುಮಾರು ಹತ್ತು ವರ್ಷ ಒಂದು ಮಾತು ಕೇಳಿಸದೆ ದುಡಿದ ಮೆಷಿನ್ನು.

ಹೋದ ಬೇಸಿಗೆಯಲ್ಲಿ ನಾಗಮಂಗಲ ಕಡೆಯಿಂದ ದೊಡ್ಡವ್ವ ಬಂದಿದ್ದಳು. ವಯಸ್ಸು 78. ರಾಗಿ ಬೀಸೋ ಪದ, ಸೋಬಾನೆ ಪದ ಎಲ್ಲ ಅವಳ ಬಾಯಲ್ಲಿವೆ. ಯಾವುದೂ ಬರೆದಿಟ್ಟಿಲ್ಲ, ಅವಳ ಮಕ್ಕಳಿಗೂ ಬರಲ್ಲ. ಮೂರು ಮಧ್ಯಾಹ್ನ ಕೂರಿಸಿಕೊಂಡು ಹನ್ನೊಂದು ಪದ ರೆಕಾರ್ಡ್ ಮಾಡಿದೆ. ಸಂಜೆ ಸ್ಪೀಕರಿನಲ್ಲಿ ಹಾಕಿದರೆ ಮಧ್ಯೆ ಮಧ್ಯೆ ಟಕ್, ಚಟ್.

‘ಅದೇನ್ಲಾ ಅದು, ಒಲೆಯಾಗೆ ಹಸಿ ಸೌದೆ ಸಿಡ್ದಂಗೆ?’ ಅಂದಳು ದೊಡ್ಡವ್ವ.

‘ಇನ್ನೊಂದ್ಸಲ ಹೇಳ್ತೀಯಾ ದೊಡ್ಡವ್ವ?’ ಅಂದೆ.

‘ಹೇಳ್ತೀನಿ ಕಣ್ಲಾ. ಆದ್ರೆ ಅಂಗೇ ಬರಾಕಿಲ್ಲ.’

ಬರಲೂ ಇಲ್ಲ. ಎರಡನೇ ಸಲ ಒಂದು ಸಾಲು ಜಾಸ್ತಿ ಬಂತು, ಇನ್ನೊಂದು ಸಾಲು ಬಿಟ್ಟೇ ಹೋಯಿತು, ಶ್ರುತಿ ಹಾರ್ಮೋನಿಯಂ ಲೆಕ್ಕದಲ್ಲಿ ಅರ್ಧ ಮನೆ ಕೆಳಗಿತ್ತು. ಸಿನಿಮಾ ಹಾಡಾದರೆ ಎರಡನೇ ಟೇಕಿನಿಂದ ಒಂದು ತುಂಡು ಕತ್ತರಿಸಿ ಮೊದಲನೆಯದಕ್ಕೆ ಅಂಟಿಸಬಹುದು. ಬಾಯಿಪಾಠದ ಪದಕ್ಕೆ ಆ ಆಟ ನಡೆಯಲ್ಲ.

ಆಮೇಲೆ ನಾನು ಮಾಡಿದ್ದೆಲ್ಲ ತಪ್ಪೇ. ಮೊದಲು ಮೈಕ್ ಕೇಬಲ್ ಬದಲಾಯಿಸಿದೆ, 600 ರೂಪಾಯಿ. ಆಮೇಲೆ ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಿನಿಂದ ಇನ್ನೊಂದು 8 ಜಿಬಿ ರ‍್ಯಾಮ್ ತಂದೆ. ಆಮೇಲೆ ಸೆಕೆಂಡ್‌ಹ್ಯಾಂಡ್ ಇಂಟರ್‌ಫೇಸ್, ಒಂಬತ್ತು ಸಾವಿರ. ಟಕ್ ಟಕ್ ಹಾಗೇ ಇತ್ತು. ಕೊನೆಗೆ ಸಾಕಾಗಿ ಊರಿನ ಒಂದು ಕಂಪ್ಯೂಟರ್ ಅಂಗಡಿಗೆ ಹೊತ್ತುಕೊಂಡು ಹೋದೆ.

ಅಲ್ಲಿದ್ದ ಹುಡುಗ ಎರಡು ನಿಮಿಷ ನೋಡಿ, ‘ಮದರ್‌ಬೋರ್ಡಲ್ಲಿ ಸೌಂಡ್ ಕಾರ್ಡ್ ವೀಕ್ ಆಗಿದೆ ಸರ್, ವಿಂಡೋಸ್ ಹೊಸದಾಗಿ ಹಾಕಿದ್ರೆ ಸರಿಹೋಗುತ್ತೆ’ ಅಂದ. ಅಲ್ಲೇ ನನಗೆ ಗೊತ್ತಾಗಬೇಕಿತ್ತು. ಯುಎಸ್‌ಬಿ ಇಂಟರ್‌ಫೇಸ್ ಇಟ್ಟುಕೊಂಡು ರೆಕಾರ್ಡ್ ಮಾಡುವವನ ಸದ್ದು ಮದರ್‌ಬೋರ್ಡಿನ ಸೌಂಡ್ ಚಿಪ್ಪಿನ ದಾರಿಯಲ್ಲಿ ಹೋಗೋದೇ ಇಲ್ಲ. ಇಷ್ಟು ಗೊತ್ತಿಲ್ಲದವರ ಕೈಗೆ ರೆಕಾರ್ಡಿಂಗ್ ಮೆಷಿನ್ ಕೊಡಬಾರದು. ನಾನು ಕೊಟ್ಟೆ. ‘ರೆಕಾರ್ಡಿಂಗೆಲ್ಲ ಇರೋ ಡಿ ಡ್ರೈವ್ ಮಾತ್ರ ಮುಟ್ಟಬೇಡಪ್ಪ’ ಅಂತ ಎರಡು ಸಲ ಹೇಳಿಯೂ ಬಂದೆ.

ಮೂರು ದಿನ ಬಿಟ್ಟು ತಂದು ಆನ್ ಮಾಡಿದರೆ ಸಿ, ಡಿ, ಇ ಅಂತ ಹೊಸ ಮೂರು ಡ್ರೈವ್. ಫೋನ್ ಮಾಡಿದೆ. ‘ಪಾರ್ಟಿಷನ್ ಸರಿ ಇರ್ಲಿಲ್ಲ ಸರ್, ನೀಟಾಗಿ ಮಾಡಿಕೊಟ್ಟಿದ್ದೀನಿ. ಇ ಡ್ರೈವಲ್ಲಿ ಪಿಕ್ಚರ್ ಹಾಕಿದ್ದೀನಿ, ನೋಡಿ, ಫ್ರೀ’ ಅಂದ. ಬಿಲ್ಲು 1,800. ಬ್ಯಾಕಪ್ ಇರಲಿಲ್ವಾ ಅಂತ ದಯವಿಟ್ಟು ಕೇಳಬೇಡಿ. ಇರಲಿಲ್ಲ.

ಇಲ್ಲೊಂದು ವಿಷಯ ತಿಳಿದುಕೊಳ್ಳಿ. ಪಾರ್ಟಿಷನ್ (ಡಿಸ್ಕನ್ನು ಡ್ರೈವುಗಳಾಗಿ ಹಂಚಿದ ಭಾಗ) ಅಳಿಸಿದರೂ, ಕ್ವಿಕ್ ಫಾರ್ಮ್ಯಾಟ್ ಮಾಡಿದರೂ ಹಾರ್ಡ್ ಡಿಸ್ಕಿನಲ್ಲಿ ಹಳೇ ಫೈಲು ತಕ್ಷಣ ಸಾಯಲ್ಲ. ಅದರ ವಿಳಾಸ ಮಾತ್ರ ಹೋಗಿರುತ್ತದೆ. ಅದರ ಮೇಲೆ ಬೇರೆ ಏನಾದರೂ ಬರೆದಾಗಲೇ ಅದು ನಿಜವಾಗಿ ಹೋಗೋದು. ನನ್ನ ಕೇಸಿನಲ್ಲಿ ಬರೆದದ್ದು ಆ ಫ್ರೀ ಸಿನಿಮಾಗಳು. ಇಂಥದ್ದು ನಿಮಗಾದರೆ ಕೂಡಲೇ ಆಫ್ ಮಾಡಿ, ಆ ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಸೇರಿಸಿ, ಫೋಟೋರೆಕ್ ಥರದ ಉಚಿತ ಪ್ರೋಗ್ರಾಮಿನಿಂದ ಹುಡುಕಿ. ಹೆಸರಿನಲ್ಲಿ ಫೋಟೋ ಇದ್ದರೂ ಅದು ಆಡಿಯೋ ಫೈಲನ್ನೂ ಹುಡುಕುತ್ತದೆ. ಸಿಕ್ಕಿದ್ದನ್ನು ಯಾವ ಕಾರಣಕ್ಕೂ ಅದೇ ಡಿಸ್ಕಿಗೆ ಉಳಿಸಬೇಡಿ.

ನನಗೆ ಇನ್ನೂರಕ್ಕೂ ಹೆಚ್ಚು ಫೈಲು ಸಿಕ್ಕವು. ಯಾವುದಕ್ಕೂ ಹೆಸರಿಲ್ಲ, ಎಫ್ ಅಕ್ಷರ, ಅದರ ಮುಂದೆ ಉದ್ದದ ಅಂಕಿ, ಅಷ್ಟೇ. ಒಂದೊಂದನ್ನೇ ಕೇಳುತ್ತಾ ಕೂತೆ. ಒಂದರಲ್ಲಿ ದೊಡ್ಡವ್ವ ಚೆನ್ನಾಗಿ ಶುರು ಮಾಡಿ, ಮೂರನೇ ಸಾಲಿಗೆ ಜರ‍್ರ‍್ರ‍್ ಅಂತ ಬರೀ ಗದ್ದಲವಾಯಿತು. ತಲೆಭಾಗ ಹಾಳಾದ ಒಂದು ಫೈಲನ್ನು ಆಡಾಸಿಟಿ ಅನ್ನೋ ಆಡಿಯೋ ಪ್ರೋಗ್ರಾಮಿನಲ್ಲಿ ರಾ ಡೇಟಾ ಅಂತ ತೆಗೆದೆ. ಸೆಕೆಂಡಿಗೆ ಎಷ್ಟು ಸ್ಯಾಂಪಲ್, ಅಂದರೆ ಸದ್ದಿನ ಎಷ್ಟು ಅಳತೆ, ಅಂತ ಕೇಳಿದ ಕಡೆ 44,100ರ ಬದಲು 48,000 ಕೊಟ್ಟಿದ್ದೆ. ಶ್ರುತಿ ಹೆಚ್ಚುಕಮ್ಮಿ ಒಂದೂವರೆ ಮನೆ ಏರಿ, ದೊಡ್ಡವ್ವ ಹೈಸ್ಕೂಲ್ ಹುಡುಗಿ ಥರ ಹಾಡಿದಳು. ಅವತ್ತು ನಗು ಬಂದದ್ದು ಅದೊಂದಕ್ಕೇ. ಹನ್ನೊಂದರಲ್ಲಿ ನಾಲ್ಕು ಪದ ಪೂರ್ತಿ ಸಿಕ್ಕವು. ಐದನೆಯದು ನನ್ನ ತಂಗಿ ಮಗಳ ಫೋನಿನಲ್ಲಿತ್ತು. ಸ್ಟೇಟಸ್ಸಿಗೆ ಹಾಕೋಣ ಅಂತ ಅವಳು ಪಕ್ಕದಲ್ಲೇ ಕೂತು ಒಂದು ಪದವನ್ನು ಪೂರ್ತಿ ಹಿಡಿದಿದ್ದಳು.

ಇಷ್ಟೆಲ್ಲ ಆದಮೇಲೆ ಹೊಸ ವಿಂಡೋಸಿನಲ್ಲಿ ಮೈಕ್ ಹಾಕಿ ನೋಡಿದೆ. ಟಕ್.

ಆಗ ಮಾತ್ರ ನಾನು ಕೂತು ಯೋಚಿಸಿದೆ. ಮೊದಲು ಕೇಳಬೇಕಾದ ಪ್ರಶ್ನೆ ಒಂದೇ. ಈ ಟಕ್ ಫೈಲಿನ ಒಳಗಿದೆಯಾ, ಇಲ್ಲಾ ಕೇಳಿಸುವಾಗ ಮಾತ್ರ ಬರುತ್ತಿದೆಯಾ? ಅದೇ ಜಾಗವನ್ನು ಮೂರು ಸಲ ಹಾಕಿ. ಬೇರೆ ಬೇರೆ ಕಡೆ ಬಂದರೆ ಫೈಲು ಚೆನ್ನಾಗಿದೆ, ಗಾಬರಿ ಬೇಡ. ಪ್ರತಿಸಲವೂ ಅದೇ ಅಕ್ಷರದ ಮೇಲೆ ಬಂದರೆ ಸದ್ದು ಒಳಗೇ ಕೂತಿದೆ. ನನ್ನದು ಒಳಗಿತ್ತು. ಸ್ಕ್ರೀನಿನಲ್ಲಿ ಸದ್ದಿನ ಅಲೆಯನ್ನು ದೊಡ್ಡದು ಮಾಡಿ ನೋಡಿದರೆ, ಗುಡ್ಡದ ಥರ ಏರಿ ಬರುತ್ತಿದ್ದ ಗೆರೆ ಒಂದು ಕಡೆ ಮಚ್ಚಲ್ಲಿ ಕಡಿದ ಹಾಗೆ ನೆಟ್ಟಗೆ ಕೆಳಗೆ ಬಿದ್ದು, ಅಲ್ಲಿಂದ ಮುಂದಕ್ಕೆ ಇನ್ನೊಂದು ಗುಡ್ಡ. ಮಧ್ಯದ ತುಂಡೇ ಇಲ್ಲ. ಫೋನಿನಲ್ಲಿದ್ದ ಪದ ಕಂಪ್ಯೂಟರಿನ ಕಡೆಯಿಂದಲೂ ಸಿಕ್ಕಿತ್ತು, ಆದರೆ ಟಕ್ ಟಕ್ ತುಂಬಿ ಕೇಳೋ ಹಾಗಿರಲಿಲ್ಲ. ಎರಡನ್ನೂ ಶುರುವಿನ ಚಪ್ಪಾಳೆಗೆ ಸರಿಯಾಗಿ ಜೋಡಿಸಿದೆ. ಒಂಬತ್ತು ನಿಮಿಷ ಕಳೆಯುವ ಹೊತ್ತಿಗೆ ಕಂಪ್ಯೂಟರಿನದು ಕಾಲು ಸೆಕೆಂಡ್ ಮೊದಲೇ ಮುಗಿಯಿತು. ಅಷ್ಟು ಹಾಡನ್ನು ಮೆಷಿನ್ನು ನುಂಗಿತ್ತು.

ನುಂಗೋದು ಹೇಗೆ ಅಂದರೆ, ಬೀದಿ ನಲ್ಲಿ ನೆನಪು ಮಾಡಿಕೊಳ್ಳಿ. ನೀರು ನಿಲ್ಲದೆ ಬರುತ್ತಿದೆ, ನೀವು ಬಿಂದಿಗೆ ಇಟ್ಟಿದ್ದೀರಿ. ತುಂಬುವಷ್ಟರಲ್ಲಿ ಇನ್ನೊಂದು ಬಿಂದಿಗೆ ಇಡಬೇಕು. ಅಷ್ಟರಲ್ಲಿ ಯಾರೋ ಮಾತಾಡಿಸಿ ನೀವು ತಡ ಮಾಡಿದರೆ ನೀರು ಚೆಲ್ಲುತ್ತದೆ. ಬಫರ್ ಅನ್ನೋದು ಆ ಬಿಂದಿಗೆ. ನನ್ನ ಸೆಟ್ಟಿಂಗ್ 256 ಸ್ಯಾಂಪಲ್ ಇತ್ತು. ಸೆಕೆಂಡಿಗೆ 44,100ರ ಲೆಕ್ಕದಲ್ಲಿ ಅದು ತುಂಬೋದಕ್ಕೆ ಬೇಕಾದ್ದು 5.8 ಮಿಲಿಸೆಕೆಂಡ್. ಅಷ್ಟರೊಳಗೆ ಪ್ರೊಸೆಸರ್ ಬಂದು ಎತ್ತಿಕೊಳ್ಳದಿದ್ದರೆ ಟಕ್. 1024 ಇಟ್ಟರೆ 23 ಮಿಲಿಸೆಕೆಂಡ್ ಪುರುಸೊತ್ತು ಸಿಗುತ್ತದೆ. ಆದರೆ ಹೆಡ್‌ಫೋನಿನಲ್ಲಿ ತನ್ನ ದನಿ ಕೇಳಿಕೊಂಡು ಹಾಡುವವರಿಗೆ ಅಷ್ಟು ತಡ ಗೊತ್ತಾಗುತ್ತದೆ, ಅದಕ್ಕೇ ಎಲ್ಲರೂ ಕಮ್ಮಿ ಇಡೋದು. ದೊಡ್ಡವ್ವ ಹೆಡ್‌ಫೋನೇ ಹಾಕಿರಲಿಲ್ಲ! ಅವಳಿಗೆ 1024 ಅಲ್ಲ, 2048 ಇಟ್ಟಿದ್ದರೂ ನಷ್ಟವಿರಲಿಲ್ಲ. ಸುಮ್ನೆ ಶೋಕಿಗೆ 256 ಇಟ್ಟುಕೊಂಡಿದ್ದೆ. ಹೆಡ್‌ಫೋನ್ ಬೇಕೇಬೇಕು ಅನ್ನುವವರು ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಗುಂಡಿ ಬಳಸಿ. ಆಗ ದನಿ ಕಂಪ್ಯೂಟರಿಗೆ ಹೋಗಿ ಬರದೆ ನೇರ ಕಿವಿಗೆ ಬರುತ್ತದೆ.

ಸರಿ, ಪ್ರೊಸೆಸರ್ ತಡ ಮಾಡುತ್ತಿದ್ದದ್ದು ಯಾಕೆ? ಕ್ಯಾಲೆಂಡರಿನ ಒಂದು ಹಾಳೆ ಹರಿದು, ಅದರ ಹಿಂದೆ ಪ್ರತಿ ಟಕ್ ಬಂದ ಟೈಮ್ ಬರೆಯುತ್ತಾ ಕೂತೆ. 3:02, 3:03, 3:04. ಹೆಚ್ಚುಕಮ್ಮಿ ನಿಮಿಷಕ್ಕೊಂದು. 3:27 ಆದಮೇಲೆ ಬರೆಯೋಕೂ ಆಗದಷ್ಟು, ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ. ಅಲ್ಲಿ ಗೊತ್ತಾಯಿತು. ಇದು ಒಂದು ರೋಗವಲ್ಲ, ಎರಡು.

ನಿಮಿಷಕ್ಕೊಂದು ಬರುತ್ತಿದ್ದದ್ದು ವೈಫೈ ಡಾಂಗಲ್ಲಿನಿಂದ. ಅದು ಆಗಾಗ ಸುತ್ತಮುತ್ತ ಯಾವ ನೆಟ್‌ವರ್ಕ್ ಇದೆ ಅಂತ ಹುಡುಕುತ್ತದೆ. ಆಗ ಅದರ ಡ್ರೈವರ್, ಅಂದರೆ ಅದನ್ನು ನಡೆಸುವ ಪ್ರೋಗ್ರಾಮ್, ಪ್ರೊಸೆಸರನ್ನು ಹಿಡಿದು ನಿಲ್ಲಿಸಿಕೊಳ್ಳುತ್ತದೆ. ಲೇಟೆನ್ಸಿಮಾನ್ ಅಂತ ಒಂದು ಪ್ರೋಗ್ರಾಮ್ ಇದೆ, ಮನೆ ಬಳಕೆಗೆ ಉಚಿತ. ಹತ್ತು ನಿಮಿಷ ಓಡಲು ಬಿಟ್ಟರೆ ಯಾವ ಡ್ರೈವರ್ ಎಷ್ಟು ಹೊತ್ತು ಹಿಡಿದುಕೊಂಡಿತ್ತು ಅಂತ ಹೆಸರು ಸಮೇತ ಹೇಳುತ್ತದೆ. ನನ್ನದರಲ್ಲಿ ಮೇಲೆ ನಿಂತಿದ್ದದ್ದು ಎನ್‌ಡಿಐಎಸ್, ಅಂದರೆ ನೆಟ್‌ವರ್ಕಿನದು.

ಗುಂಪಾಗಿ ಬರುತ್ತಿದ್ದದ್ದು ಬಿಸಿಯಿಂದ. ಪ್ರೊಸೆಸರ್ ತುಂಬಾ ಕಾದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಕಮ್ಮಿ ಮಾಡಿಕೊಳ್ಳುತ್ತದೆ. ಏಪ್ರಿಲ್ ತಿಂಗಳು, ಮಹಡಿ ರೂಮು, ರೆಕಾರ್ಡಿಂಗ್ ಅಂತ ಫ್ಯಾನ್ ಆಫ್. ಉಷ್ಣತೆ ನೂರು ಡಿಗ್ರಿಯ ಹತ್ತಿರ ಹೋಗಿ, ಟಾಸ್ಕ್ ಮ್ಯಾನೇಜರಿನಲ್ಲಿ ವೇಗ ಅರ್ಧಕ್ಕೆ ಬೀಳುತ್ತಿತ್ತು. ಪಕ್ಕದ ತಗಡು ಬಿಚ್ಚಿದರೆ, ಪ್ರೊಸೆಸರ್ ಫ್ಯಾನಿಗೂ ಅದರ ಬಿಸಿ ಎಳೆಯುವ ಲೋಹದ ಹೀಟ್‌ಸಿಂಕಿಗೂ ಮಧ್ಯೆ ಹಾಸಿಗೆ ಹತ್ತಿಯ ಥರ ಧೂಳು ಹೆಪ್ಪುಗಟ್ಟಿತ್ತು. ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸುವ, ಪ್ರೊಸೆಸರ್ ಮೇಲಿನ ಪೇಸ್ಟ್ ಒಣಗಿ ವಿಭೂತಿ ಆಗಿತ್ತು. ಮೂರು ದಿನ ಅಂಗಡಿಯಲ್ಲಿ ಇಟ್ಟುಕೊಂಡವರು ತಗಡು ಬಿಚ್ಚಿಯೂ ನೋಡಿರಲಿಲ್ಲ ಅನ್ನೋದು ಆ ಧೂಳಲ್ಲೇ ಗೊತ್ತಾಗುತ್ತಿತ್ತು.

ನಾನು ಮೋಸ ಹೋದದ್ದು ಎಲ್ಲಿ ಗೊತ್ತಾ? ಅಂಗಡಿಗೆ ಹೋಗುವ ಎರಡು ವಾರ ಮುಂಚೆಯೇ ಒಬ್ಬ ಸ್ನೇಹಿತ ‘ವೈಫೈ ಕಿತ್ತು ನೋಡು’ ಅಂದಿದ್ದ. ಕಿತ್ತೆ. ಮಧ್ಯಾಹ್ನ ಟಕ್ ಟಕ್ ಬಂತು. ‘ಇದಲ್ಲ ಬಿಡು’ ಅಂತ ವಾಪಸ್ ಚುಚ್ಚಿದೆ. ಅರ್ಧ ರೋಗಕ್ಕೆ ಮದ್ದು ಕೈಯಲ್ಲೇ ಇತ್ತು, ಇನ್ನರ್ಧ ಉಳಿದದ್ದಕ್ಕೆ ಅದನ್ನೂ ಬಿಸಾಕಿದ್ದೆ. ಒಂದನ್ನು ಸರಿ ಮಾಡಿದಾಗ ಸದ್ದು ಪೂರ್ತಿ ನಿಲ್ಲಲಿಲ್ಲ ಅಂತ ಅದನ್ನು ವಾಪಸ್ ಹಾಳು ಮಾಡಬೇಡಿ. ಕಮ್ಮಿ ಆಯಿತಾ ಅಂತ ಎಣಿಸಿ. ಬರೆದಿಟ್ಟುಕೊಳ್ಳಿ.

ಧೂಳನ್ನು ಪೇಂಟ್ ಬ್ರಷ್ಷಿನಲ್ಲಿ ತೆಗೆದೆ. ಹಳೇ ಪೇಸ್ಟನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಹೊಸದನ್ನು ಕಡಲೆಬೇಳೆ ಗಾತ್ರ ಇಟ್ಟೆ. ಹೀಟ್‌ಸಿಂಕ್ ಕೀಳುವಾಗ ನೆಟ್ಟಗೆ ಎಳೆಯಬೇಡಿ, ಒಂಚೂರು ತಿರುಗಿಸಿ ಸಡಿಲ ಮಾಡಿ. ಖರ್ಚು 250 ರೂಪಾಯಿ. ಬಿಸಿ 70ರ ಒಳಗೆ ನಿಂತಿತು. ಡಾಂಗಲ್ ಶಾಶ್ವತವಾಗಿ ಡ್ರಾಯರಿನಲ್ಲಿದೆ. ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್, ಅಂದರೆ ಸೆಕ್ಯೂರಿಟಿ ಅಪ್‌ಡೇಟ್ ಕೊಡೋದು, 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಈ ಪ್ರೊಸೆಸರಿಗೆ ವಿಂಡೋಸ್ 11 ಅಧಿಕೃತವಾಗಿ ಸಿಗಲ್ಲ. ಹಾಗಾಗಿ ನೆಟ್ ಇಲ್ಲದಿದ್ದರೇ ಅದಕ್ಕೂ ಒಳ್ಳೆಯದು. ಹೋಗಲಿ ಅಂತ ಪವರ್ ಪ್ಲಾನನ್ನು ಹೈ ಪರ್ಫಾರ್ಮೆನ್ಸಿಗೆ ಹಾಕಿದೆ, ಯುಎಸ್‌ಬಿ ನಿದ್ದೆ ಮಾಡುವ ಸೆಟ್ಟಿಂಗ್ ತೆಗೆದೆ, ಇಂಟರ್‌ಫೇಸನ್ನು ಹಿಂದಿನ ಪೋರ್ಟಿಗೆ ಬದಲಾಯಿಸಿದೆ.

ಗುಂಯ್ ಅಂತ ಒಂದೇ ಸಮನೆ ಬರುವ ಸದ್ದು ಬೇರೆ ಕಥೆ. ಅದು ಅರ್ಥಿಂಗ್ ಇಲ್ಲದ್ದಕ್ಕೆ ಬರಬಹುದು, ಕರೆಂಟ್ ಹೋಗಿ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಓಡುತ್ತಿದ್ದರೂ ಬರಬಹುದು. ಅದನ್ನೂ ಇದನ್ನೂ ಬೆರೆಸಿಕೊಂಡು ತಲೆ ಕೆಡಿಸಿಕೊಳ್ಳಬೇಡಿ.

ದೀಪಾವಳಿ ಹೊತ್ತಿಗೆ ದೊಡ್ಡವ್ವನನ್ನು ಮತ್ತೆ ಕರೆದುಕೊಂಡು ಬಂದೆ. ಮೈಕ್ ನೋಡಿದ್ದೇ, ‘ಆ ಹುಡ್ಗಿ ಫೋನ್ನಾಗೆ ಸೌದೆ ಸಿಡಿಯಾಕಿಲ್ವಲ್ಲ, ಅದ್ರಾಗೇ ಹಿಡ್ಕೋಬಾರ್ದೇನ್ಲಾ?’ ಅಂದಳು. ಎರಡನ್ನೂ ಇಟ್ಟೆ. ಬಫರ್ 1024. ನಲವತ್ತು ನಿಮಿಷದಲ್ಲಿ ಒಂದೂ ಟಕ್ ಇಲ್ಲ. ಅವಳು ಏಳುವ ಮುಂಚೆಯೇ ಪೆನ್‌ಡ್ರೈವಿಗೆ ಒಂದು ಪ್ರತಿ, ತಂಗಿ ಮಗಳ ಲ್ಯಾಪ್‌ಟಾಪಿಗೆ ಒಂದು ಪ್ರತಿ ಹಾಕಿದೆ. ಹೋದ ಆರರಲ್ಲಿ ನಾಲ್ಕು ಪದ ವಾಪಸ್ ಬಂದವು. ಉಳಿದೆರಡರ ಮೊದಲ ಸಾಲನ್ನು ನಾನೇ ಹೇಳಿಕೊಟ್ಟು ನೋಡಿದೆ. ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದು, ‘ಮುಂದುಕ್ಕೆ ಗ್ಯಾಪ್ಕ ಬರಾಕಿಲ್ಲ ಕಣ್ ಮಗ’ ಅಂದಳು.