ಪಿಎಸ್‌ಎ ಪರೀಕ್ಷೆ: ಮನೆಗೆ ಕರೆಸೋದಾ, ಲ್ಯಾಬಿಗೆ ಹೋಗೋದಾ, ಪ್ಯಾಕೇಜಾ, ಆಸ್ಪತ್ರೆಯಾ?

ಐವತ್ತು ದಾಟಿದ ಗಂಡಸರು ಶುಗರ್, ಬಿಪಿ ಬಗ್ಗೆ ಎಷ್ಟು ಹೊತ್ತು ಬೇಕಾದರೂ ಮಾತಾಡುತ್ತಾರೆ. ಪ್ರಾಸ್ಟೇಟ್ ಅಂದ ತಕ್ಷಣ ಮಾತು ನಿಂತುಬಿಡುತ್ತದೆ. ರಾತ್ರಿ ಎರಡು ಮೂರು ಸಲ ಎದ್ದು ಹೋಗುವುದನ್ನು "ವಯಸ್ಸಾಯ್ತಲ್ಲ" ಅಂತ ತಳ್ಳಿಹಾಕುತ್ತೇವೆ. ಅದಕ್ಕೇ ಈ ವಿಷಯವನ್ನು ಬಿಡಿಸಿ ಬರೆಯಬೇಕು ಅನ್ನಿಸಿತು. ನಾನಿರುವುದು ಮೈಸೂರಿನಲ್ಲಿ, ವಯಸ್ಸು 57. ಪ್ರಾಸ್ಟೇಟ್ ಹೇಗಿದೆ ಅಂತ ಸುಳಿವು ಕೊಡುವ ಪಿಎಸ್‌ಎ ರಕ್ತಪರೀಕ್ಷೆಯನ್ನು ಕೈಯಿಂದ ದುಡ್ಡು ಕೊಟ್ಟು ಮಾಡಿಸಲು ಇಲ್ಲಿ ನಾಲ್ಕು ದಾರಿ ಇವೆ: ಆ್ಯಪ್‌ನಲ್ಲಿ ಬುಕ್ ಮಾಡಿ ರಕ್ತ ತೆಗೆಯುವವರನ್ನು ಮನೆಗೆ ಕರೆಸುವುದು, ಬಡಾವಣೆಯ ಲ್ಯಾಬಿಗೆ ನಡೆದು ಹೋಗುವುದು, ಫುಲ್ ಬಾಡಿ ಚೆಕಪ್ ಪ್ಯಾಕೇಜು, ಆಸ್ಪತ್ರೆಯ ಯುರಾಲಜಿ (ಮೂತ್ರರೋಗ) ಒಪಿಡಿ. ನಾಲ್ಕನ್ನೂ ಮಾಡಿಸಿ ನೋಡಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ದುಡ್ಡು ನೋಡಿ ಆರಿಸಬೇಡಿ. ಬರೀ ಪಿಎಸ್‌ಎ ಎಲ್ಲಿ ಮಾಡಿಸಿದರೂ ಕೆಲವು ನೂರು ರೂಪಾಯಿಯ ಲೆಕ್ಕ. ಸೂಜಿ ಚುಚ್ಚುವ ಮುಂಚೆ ಯಾರಾದರೂ ಏನಾದರೂ ಕೇಳುತ್ತಾರಾ, ರಿಪೋರ್ಟ್ ಬಂದ ಮೇಲೆ ಯಾರಾದರೂ ಕೂರಿಸಿ ಹೇಳುತ್ತಾರಾ? ನಾನು ಕಂಡ ವ್ಯತ್ಯಾಸವೆಲ್ಲ ಇವೆರಡರಲ್ಲೇ ಇತ್ತು.

ಪ್ರಾಸ್ಟೇಟ್ ಅನ್ನುವುದು ಮೂತ್ರಕೋಶದ ಬುಡದಲ್ಲಿ ಮೂತ್ರನಾಳವನ್ನು ಸುತ್ತಿಕೊಂಡಿರುವ ಗ್ರಂಥಿ. ಹರೆಯದಲ್ಲಿ ಒಂದು ದೊಡ್ಡ ನೆಲ್ಲಿಕಾಯಿಯಷ್ಟು ಇರುತ್ತದೆ, ವಯಸ್ಸಾದಂತೆ ಊದುತ್ತದೆ. ಅದು ತಯಾರಿಸುವ ಒಂದು ಪ್ರೋಟೀನೇ ಪಿಎಸ್‌ಎ. ಸ್ವಲ್ಪ ರಕ್ತಕ್ಕೂ ಸೋರುತ್ತದೆ. ಗ್ರಂಥಿ ಊದಿದರೂ ಜಾಸ್ತಿ ಸೋರುತ್ತದೆ, ಸೋಂಕಾದರೂ ಜಾಸ್ತಿ ಸೋರುತ್ತದೆ, ಕ್ಯಾನ್ಸರ್ ಆದರೂ ಜಾಸ್ತಿ ಸೋರುತ್ತದೆ. ಹಾಗಾಗಿ ಇದನ್ನು ಕ್ಯಾನ್ಸರ್ ಟೆಸ್ಟ್ ಅಂದುಕೊಂಡು ಹೋದರೆ ಸುಮ್ನೆ ಹೆದರಿಕೆ. ಒಂದು ಎಂಎಲ್ ರಕ್ತದಲ್ಲಿ 4 ನ್ಯಾನೋಗ್ರಾಂ ಅನ್ನುವುದು ಹಳೆಯ ಗಡಿ. ಅದನ್ನು ದಾಟಿದೆ ಅಂತ ಬಯಾಪ್ಸಿ (ಸೂಜಿಯಿಂದ ಗ್ರಂಥಿಯ ಚೂರು ತೆಗೆದು ನೋಡುವುದು) ಮಾಡಿಸಿಕೊಂಡವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಕ್ಯಾನ್ಸರ್ ಸಿಗುತ್ತದೆ.

ಹಾಗಿದ್ದರೆ ಯಾಕೆ ಮಾಡಿಸಬೇಕು? ನನ್ನ ಮಟ್ಟಿಗೆ ಕಾರಣ ನಮ್ಮ ಚಿಕ್ಕಪ್ಪ. ಸೊಂಟ ನೋವು ಅಂತ ತಿಂಗಳುಗಟ್ಟಲೆ ಎಣ್ಣೆ ತಿಕ್ಕಿಸಿಕೊಂಡರು. ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಇಳಿದಿತ್ತು. ಮೂತ್ರದ ತೊಂದರೆ ಅವರಿಗೆ ಇರಲೇ ಇಲ್ಲ. ಈ ಕಾಯಿಲೆ ಶುರುವಿನಲ್ಲಿ ಸಾಮಾನ್ಯವಾಗಿ ಏನೂ ತೋರಿಸುವುದಿಲ್ಲ. ಅಪ್ಪನಿಗೋ ಅಣ್ಣತಮ್ಮಂದಿರಿಗೋ ಬಂದಿದ್ದರೆ ನಮಗೆ ಬರುವ ಸಾಧ್ಯತೆ ಹೆಚ್ಚುಕಡಿಮೆ ಎರಡು ಪಟ್ಟು. ಅಂಥವರು ಐವತ್ತರ ತನಕ ಕಾಯದೆ 45ಕ್ಕೇ ಡಾಕ್ಟರ ಹತ್ತಿರ ಮಾತಾಡುವುದು ಒಳ್ಳೆಯದು.

ಮನೆಗೆ ಕರೆಸಿದ್ದು ಮೊದಲು. ಬೆಳಿಗ್ಗೆ ಆರೂವರೆಗೆ ಹುಡುಗ ಬಂದ. ಚುರುಕಾದವನು, ಕೈ ಹಗುರ, ಚುಚ್ಚಿದ್ದೇ ಗೊತ್ತಾಗಲಿಲ್ಲ. ಹಳದಿ ಮುಚ್ಚಳದ ಟ್ಯೂಬಿಗೆ ರಕ್ತ ತುಂಬಿ, ಬಾರ್‌ಕೋಡ್ ಅಂಟಿಸಿ, ಚೀಲದ ಐಸ್ ಪ್ಯಾಕ್ ನಡುವೆ ಇಟ್ಟ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಸರ್, ಖಾಲಿ ಹೊಟ್ಟೇಲಿದ್ದೀರಾ?" ಪಿಎಸ್‌ಎಗೆ ಖಾಲಿ ಹೊಟ್ಟೆ ಬೇಕೇ ಇಲ್ಲ. ತಿಂಡಿ ತಿಂದು ಕಾಫಿ ಕುಡಿದು ಕೊಟ್ಟರೂ ನಡೆಯುತ್ತದೆ. ಕೇಳಬೇಕಾದ ಪ್ರಶ್ನೆಗಳೇ ಬೇರೆ. ಅವನದೇನೂ ತಪ್ಪಿಲ್ಲ, ಅವನಿಗೆ ಕೊಟ್ಟ ಫೋನಿನಲ್ಲಿ ಅದೊಂದೇ ಪ್ರಶ್ನೆ ಇತ್ತು.

ರಿಪೋರ್ಟ್ ಮಾರನೇ ದಿನ ವಾಟ್ಸ್ಆ್ಯಪ್‌ನಲ್ಲಿ ಬಂತು. 3.9. ಪಕ್ಕದಲ್ಲಿ ದಪ್ಪಕ್ಷರದಲ್ಲಿ 'ಹೆಚ್ಚು' ಅನ್ನುವ ಗುರುತು. ಆ ಕಂಪನಿಯವರು ವಯಸ್ಸಿಗೆ ತಕ್ಕ ಗಡಿ ಹಾಕಿದ್ದರು. ಐವತ್ತು ದಾಟಿದವರಿಗೆ 3.5. ಅರವತ್ತು ದಾಟಿದರೆ 4.5, ಎಪ್ಪತ್ತು ದಾಟಿದರೆ 6.5 ಅಂತ ಲೆಕ್ಕ. ಇದನ್ನೆಲ್ಲ ವಿವರಿಸುವ ಒಂದು ಸಾಲು ಅದರಲ್ಲಿ ಇರಲಿಲ್ಲ. ಸಂಜೆ ಒಂದು ಫೋನ್ ಬಂತು. ಡಾಕ್ಟರ್ ಇರಬಹುದು ಅಂದುಕೊಂಡೆ. ವಿಟಮಿನ್ ಟೆಸ್ಟಿಗೆ ಡಿಸ್ಕೌಂಟ್ ಇದೆ ಅಂತ ಹೇಳಲು ಮಾಡಿದ್ದರು. ಇದು ನನಗೆ ನಿಜವಾಗಿ ಬೇಜಾರಾದ ವಿಷಯ. ಮನುಷ್ಯನ ಕೈಗೆ ಹೆದರಿಕೆ ಕೊಟ್ಟು ಅವನನ್ನು ಒಬ್ಬನೇ ಬಿಡಬಾರದು.

ಬಡಾವಣೆಯ ಲ್ಯಾಬು ನಮ್ಮ ಮನೆಯಿಂದ ಎರಡು ರಸ್ತೆ ಆಚೆ. ಚಿಕ್ಕದು, ಎಸಿ ಇಲ್ಲ, ಪ್ಲಾಸ್ಟಿಕ್ ಕುರ್ಚಿಗಳು. ಗೋಡೆಯ ಮೇಲೆ ಎನ್‌ಎಬಿಎಲ್ (ಲ್ಯಾಬುಗಳ ಗುಣಮಟ್ಟ ನೋಡುವ ಸಂಸ್ಥೆ) ಮಾನ್ಯತೆಯ ಪತ್ರ ಇದೆ, ಅದರಲ್ಲಿ ಯಾವ ಯಾವ ಟೆಸ್ಟಿಗೆ ಮಾನ್ಯತೆ ಅನ್ನುವ ಪಟ್ಟಿಯೂ ಇದೆ. ಪಟ್ಟಿಯಲ್ಲಿ ಪಿಎಸ್‌ಎ ಇದೆಯಾ ಅಂತ ನೋಡಿಕೊಳ್ಳಿ. ಲ್ಯಾಬಿಗೆ ಮಾನ್ಯತೆ ಇದ್ದು ಈ ಟೆಸ್ಟಿಗೆ ಇಲ್ಲದಿರಬಹುದು.

ಅಲ್ಲಿ ನನಗೆ ಇಷ್ಟವಾದದ್ದು ಒಂದು ಹಾಳೆ. ಕೌಂಟರಿನ ಹೆಂಗಸು ಪಿಎಸ್‌ಎ ಅಂದ ಕೂಡಲೇ ಡ್ರಾಯರಿನಿಂದ ಕನ್ನಡದಲ್ಲಿ ಅಚ್ಚಾದ ಹಾಳೆ ತೆಗೆದು, ಪೆನ್ ಜೊತೆ ಮಡಚಿ ಕೊಟ್ಟರು. "ಅಲ್ಲಿ ಕೂತು ಟಿಕ್ ಮಾಡಿ ಕೊಡಿ ಸರ್" ಅಂದರು ಅಷ್ಟೇ. ಉರಿಮೂತ್ರ, ಜ್ವರ ಇದೆಯಾ? ಎರಡು ದಿನದಲ್ಲಿ ಸೈಕಲ್ ತುಳಿದಿದ್ದೀರಾ, ಜೋರು ವ್ಯಾಯಾಮ ಮಾಡಿದ್ದೀರಾ? ಎರಡು ದಿನದಲ್ಲಿ ವೀರ್ಯ ಹೋಗಿದೆಯಾ? ಇತ್ತೀಚೆಗೆ ಮೂತ್ರಕ್ಕೆ ನಳಿಕೆ ಹಾಕಿದ್ದರಾ, ಬಯಾಪ್ಸಿ ಆಗಿದೆಯಾ? ಪ್ರಾಸ್ಟೇಟಿಗೆ ಯಾವ ಮಾತ್ರೆ ತಗೊಳ್ತಿದ್ದೀರಿ? ಕೂದಲಿಗೆ ಅಂತ ಬಯೋಟಿನ್ ಅನ್ನುವ ವಿಟಮಿನ್ ತಗೊಳ್ತೀರಾ? ಅಕ್ಕಪಕ್ಕದ ಮನೆಯವರು ಕೂತಿರುವ ಜಾಗದಲ್ಲಿ ಇದನ್ನು ಬಾಯಲ್ಲಿ ಕೇಳಿದ್ದರೆ ಅರ್ಧ ಜನ ಸುಳ್ಳು ಹೇಳುತ್ತಿದ್ದರು, ಅಲ್ವಾ?

ಈ ಪ್ರಶ್ನೆಗಳಲ್ಲಿ ಒಂದೊಂದಕ್ಕೂ ಅರ್ಥವಿದೆ. ಸೋಂಕಿದ್ದರೆ ಪಿಎಸ್‌ಎ ಜೋರಾಗಿ ಏರುತ್ತದೆ, ವಾಸಿಯಾದ ಮೇಲೂ ಇಳಿಯಲು ವಾರಗಳು ಬೇಕು. ವೀರ್ಯ ಹೋದ ಮೇಲೆ, ಸೈಕಲ್ ಸೀಟಿನ ಒತ್ತಡದ ಮೇಲೆ ತುಸು ಏರಬಹುದು, ಅದಕ್ಕೇ 48 ಗಂಟೆ ಬಿಡಿ ಅನ್ನುವುದು. ಚಾಮುಂಡಿ ಬೆಟ್ಟಕ್ಕೆ ಭಾನುವಾರ ಸೈಕಲ್ ಹತ್ತಿಸುವವರು ಸೋಮವಾರ ಬೆಳಿಗ್ಗೆ ರಕ್ತ ಕೊಡಬೇಡಿ. ಬಯೋಟಿನ್ ಜಾಸ್ತಿ ತಗೊಂಡಿದ್ದರೆ ಕೆಲವು ಯಂತ್ರಗಳಲ್ಲಿ ಅಂಕಿ ಇರುವುದಕ್ಕಿಂತ ಕಡಿಮೆ ಬರುತ್ತದೆ.

ಮಾತ್ರೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಹಾಸನದಲ್ಲಿರುವ ನಮ್ಮ ಅಣ್ಣ ಪ್ರಾಸ್ಟೇಟ್ ಊತಕ್ಕೆ ಡ್ಯುಟಾಸ್ಟರೈಡ್ ಸೇರಿದ ಮಾತ್ರೆ ತಗೊಳ್ಳುತ್ತಾನೆ. ಅವನ ರಿಪೋರ್ಟಿನಲ್ಲಿ 2.3 ಬಂದಿತ್ತು, 'ನಾರ್ಮಲ್' ಅಂತ ಮನೆಯವರೆಲ್ಲ ಖುಷಿಪಟ್ಟಿದ್ದರು. ಡ್ಯುಟಾಸ್ಟರೈಡ್, ಫಿನಾಸ್ಟರೈಡ್ ಆರು ತಿಂಗಳು ತಗೊಂಡರೆ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅವನ ಡಾಕ್ಟರು ಅದನ್ನು ದುಪ್ಪಟ್ಟು ಮಾಡಿ 4.6 ಅಂತಲೇ ಲೆಕ್ಕ ಹಿಡಿದು ಮುಂದಿನ ಸ್ಕ್ಯಾನ್ ಬರೆದರು. ಬರೀ ಲ್ಯಾಬ್ ಚೀಟಿ ನಂಬಿಕೊಂಡಿದ್ದರೆ ಅಲ್ಲಿಗೇ ಬಿಟ್ಟುಬಿಡುತ್ತಿದ್ದರು. ಕೂದಲು ಉದುರದಿರಲಿ ಅಂತ ಫಿನಾಸ್ಟರೈಡ್ ನುಂಗುವವರಿಗೂ ಇದೇ ಲೆಕ್ಕ.

ಬಡಾವಣೆಯ ಲ್ಯಾಬಿನಲ್ಲಿ ನನಗೆ ಬಂದದ್ದು 3.1. ಅದೇ ಮನುಷ್ಯ, ಹೆಚ್ಚು ದಿನದ ಅಂತರವೂ ಇಲ್ಲ. ಇವರು ಹಾಕಿದ್ದ ಗಡಿ 0ಯಿಂದ 4, ಹಾಗಾಗಿ ಯಾವ ಗುರುತೂ ಇಲ್ಲ. ಯಾರದು ಸರಿ? ಎರಡೂ ಸರಿ ಇರಬಹುದು. ಪಿಎಸ್‌ಎ ತಾನಾಗಿಯೇ ಶೇ. 15-20ರಷ್ಟು ಏರಿಳಿಯುತ್ತದೆ. ಅದರ ಮೇಲೆ ಯಂತ್ರ ಬೇರೆ, ಕಿಟ್ ಬೇರೆ ಆದರೆ ಇನ್ನಷ್ಟು ವ್ಯತ್ಯಾಸ ಬರುತ್ತದೆ. ಆದ್ದರಿಂದ ವರ್ಷ ವರ್ಷ ಆಫರ್ ನೋಡಿ ಲ್ಯಾಬ್ ಬದಲಾಯಿಸಬೇಡಿ. ಈ ಅಂಕಿಗೆ ಬೆಲೆ ಬರುವುದೇ ಹಿಂದಿನ ಅಂಕಿಯ ಪಕ್ಕ ಇಟ್ಟಾಗ. ರಿಪೋರ್ಟಿನಲ್ಲಿ 'ವಿಧಾನ' ಅನ್ನುವ ಜಾಗದಲ್ಲಿ ಕೆಮಿಲ್ಯುಮಿನೆಸೆನ್ಸ್ ಅಂತಲೋ ಮತ್ತೊಂದೋ ಬರೆದಿರುತ್ತದೆ, ಅದೂ ಹಿಂದಿನದರಂತೆಯೇ ಇದೆಯಾ ನೋಡಿ.

ಇನ್ನೊಂದು ಮಾತು. 'ಫ್ರೀ ಪಿಎಸ್‌ಎ' ಅಂತ ಬೇರೆ ಟೆಸ್ಟ್ ಇದೆ. ಫ್ರೀ ಅಂದರೆ ಪುಕ್ಕಟೆ ಅಲ್ಲ, ರಕ್ತದಲ್ಲಿ ಬೇರೆ ಪ್ರೋಟೀನಿಗೆ ಅಂಟಿಕೊಳ್ಳದೆ ಬಿಡಿಯಾಗಿರುವ ಪಿಎಸ್‌ಎ. ಒಟ್ಟು ಪಿಎಸ್‌ಎ 4ರಿಂದ 10ರ ನಡುವೆ ಬಂದಾಗ ಅದು ಉಪಯೋಗಕ್ಕೆ ಬರುತ್ತದೆ. ಒಟ್ಟು ಪಿಎಸ್‌ಎಯಲ್ಲಿ ಫ್ರೀ ಭಾಗ ಶೇ. 25ಕ್ಕಿಂತ ಜಾಸ್ತಿ ಇದ್ದರೆ ಕ್ಯಾನ್ಸರ್ ಇರುವ ಸಾಧ್ಯತೆ ಕಡಿಮೆ, ಶೇ. 10ಕ್ಕಿಂತ ಕಡಿಮೆ ಇದ್ದರೆ ಸಾಧ್ಯತೆ ಜಾಸ್ತಿ. ಆದರೆ ಇದು ಬೇಗ ಕೆಡುವ ಪದಾರ್ಥ. ರಕ್ತ ತೆಗೆದ ಕೆಲವೇ ಗಂಟೆಯಲ್ಲಿ ಸೀರಂ (ರಕ್ತದ ತಿಳಿಭಾಗ) ಬೇರ್ಪಡಿಸಿ ತಣ್ಣಗೆ ಇಡದಿದ್ದರೆ ಅಂಕಿ ಇಳಿದುಬಿಡುತ್ತದೆ, ಸುಮ್ನೆ ಗಾಬರಿಯಾಗುತ್ತದೆ. ಹುಡುಗನ ಚೀಲದಲ್ಲಿ ಹತ್ತು ಮನೆ ಸುತ್ತಿ ಹೋಗುವ ಸ್ಯಾಂಪಲ್ಲಿನಲ್ಲಿ ಇದನ್ನು ಮಾಡಿಸಬೇಡಿ. ಯಂತ್ರ ಎಲ್ಲಿದೆಯೋ ಅಲ್ಲೇ ಹೋಗಿ ಕೊಡಿ.

ಪ್ಯಾಕೇಜಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಪ್ಪತ್ತೋ ಎಂಬತ್ತೋ ಟೆಸ್ಟುಗಳ ನಡುವೆ ಪಿಎಸ್‌ಎ ಕೂಡ ಒಂದು. ಲೆಕ್ಕ ಹಾಕಿದರೆ ಅಗ್ಗ ಅನ್ನಿಸುತ್ತದೆ. ಆದರೆ ಇದು ಕೇಳದೆ ಮಾಡುವ ಟೆಸ್ಟ್ ಅಲ್ಲ. 2009ರಲ್ಲಿ ಬಂದ ಯುರೋಪಿನ ದೊಡ್ಡ ಅಧ್ಯಯನದಲ್ಲಿ ಪಿಎಸ್‌ಎ ತಪಾಸಣೆಯಿಂದ ಪ್ರಾಸ್ಟೇಟ್ ಕ್ಯಾನ್ಸರಿನ ಸಾವು ಸುಮಾರು ಶೇ. 20 ಕಡಿಮೆಯಾಯಿತು. ಜೊತೆಗೇ, ಒಂದು ಸಾವು ತಪ್ಪಿಸಲು 1,410 ಮಂದಿಯನ್ನು ಪರೀಕ್ಷಿಸಿ ಹೆಚ್ಚುವರಿಯಾಗಿ 48 ಮಂದಿಗೆ ಚಿಕಿತ್ಸೆ ಕೊಡಬೇಕಾಗುತ್ತದೆ ಅನ್ನುವ ಲೆಕ್ಕವೂ ಬಂತು. ಆ ಚಿಕಿತ್ಸೆಯಿಂದ ಮೂತ್ರ ಹಿಡಿದಿಡಲಾಗದವರು, ಸಂಸಾರಸುಖ ಕಳೆದುಕೊಂಡವರು ಇದ್ದಾರೆ. ಅಮೆರಿಕದಲ್ಲಿ ಸರ್ಕಾರದ ಬೆಂಬಲವಿರುವ ತಜ್ಞರ ಸ್ವತಂತ್ರ ಸಲಹಾ ಮಂಡಳಿ 2012ರಲ್ಲಿ ಈ ತಪಾಸಣೆಯೇ ಬೇಡ ಅಂದಿತ್ತು. 2018ರಲ್ಲಿ ಬದಲಾಯಿಸಿ, 55ರಿಂದ 69ರವರು ಡಾಕ್ಟರ ಜೊತೆ ಮಾತಾಡಿ ತಾವೇ ನಿರ್ಧರಿಸಲಿ, 70 ದಾಟಿದವರಿಗೆ ಬೇಡ ಅಂದಿತು. ನಮ್ಮ ಎದುರುಮನೆ ಮೇಷ್ಟ್ರಿಗೆ 76. ನ್ಯೂಜೆರ್ಸಿಯಲ್ಲಿರುವ ಮಗ ಪ್ರೀತಿಯಿಂದ ಪ್ಯಾಕೇಜ್ ಬುಕ್ ಮಾಡಿದ. 6.8 ಬಂತು. ಕೆಂಪಕ್ಷರ ನೋಡಿ ಅವರು ಊಟ ಬಿಟ್ಟರು. ರಿಪೋರ್ಟ್ ಹಿಡಿದುಕೊಂಡು ಬಂದು "ಏನಪ್ಪಾ ಇದು, ಇಷ್ಟು ಬೇಗ ಮುಗೀತಾ?" ಅಂತ ಕೇಳಿದರು. ಡಾಕ್ಟರು ಪರೀಕ್ಷಿಸಿ, ಗ್ರಂಥಿ ದೊಡ್ಡದಾಗಿರುವುದರಿಂದ ಬಂದ ಅಂಕಿ ಇದು, ಈ ವಯಸ್ಸಿನಲ್ಲಿ ಇದರ ಹಿಂದೆ ಓಡುವುದು ಬೇಡ ಅಂದ ಮೇಲೇ ಅವರಿಗೆ ನಿದ್ದೆ ಬಂದದ್ದು. ಪ್ಯಾಕೇಜ್ ಮಾಡಿಸುವುದಿದ್ದರೆ ಪಿಎಸ್‌ಎ ತೆಗೆಸಿ ಮಾಡಿಸಿ. ಬೇಕಾದರೆ ಯೋಚನೆ ಮಾಡಿ ಬೇರೆಯಾಗಿ ಕೊಡಿ.

ಕೊನೆಯದು ಆಸ್ಪತ್ರೆ. ಖರ್ಚು ಜಾಸ್ತಿ, ಕನ್ಸಲ್ಟೇಷನ್ ಫೀಸ್ ಬೇರೆ. ಟೋಕನ್ ಹಿಡಿದು ಅರ್ಧ ದಿನ ಹೋಯಿತು. ಆದರೂ ನನ್ನ ಓಟು ಇದಕ್ಕೇ. ಡಾಕ್ಟರು ಮೊದಲು ರಕ್ತದ ಮಾತೇ ಎತ್ತಲಿಲ್ಲ. ಮೂತ್ರ ಪೂರ್ತಿ ಖಾಲಿಯಾಗುತ್ತದಾ, ನಿಂತು ನಿಂತು ಬರುತ್ತದಾ, ತಡೆಯಲಾಗುತ್ತದಾ, ಧಾರೆ ಸಣ್ಣಗಾಗಿದೆಯಾ, ತಿಣುಕಬೇಕಾ, ರಾತ್ರಿ ಎಷ್ಟು ಸಲ ಏಳುತ್ತೀರಿ ಅಂತೆಲ್ಲ ಒಟ್ಟು ಏಳು ಪ್ರಶ್ನೆ ಕೇಳಿ ಅಂಕ ಹಾಕಿದರು. ಒಟ್ಟು 35ಕ್ಕೆ. 7ರ ತನಕ ಸಣ್ಣ ತೊಂದರೆ, 19ರ ತನಕ ಮಧ್ಯಮ, ಆಮೇಲೆ ಜೋರು. ನನ್ನದು ಸಣ್ಣ ತೊಂದರೆಯಲ್ಲೇ ಬಂತು. ರಕ್ತ ತೆಗೆಸಿದ ಮೇಲೆ ಗುದದ್ವಾರದಲ್ಲಿ ಬೆರಳಿಟ್ಟು ಪರೀಕ್ಷೆ ಮಾಡಿದರು. ಇದಕ್ಕೆ ಹೆದರಿಯೇ ಎಷ್ಟೋ ಗಂಡಸರು ಆಸ್ಪತ್ರೆ ಕಡೆ ತಲೆ ಹಾಕುವುದಿಲ್ಲ. ಎಡಮಗ್ಗುಲಿಗೆ ಮಲಗಿ, ಮೊಣಕಾಲು ಮಡಚಿ, ಉಸಿರು ಬಿಡಿ ಅಂದರು, ಅರ್ಧ ನಿಮಿಷದಲ್ಲಿ ಮುಗಿಯಿತು. ನೋವಿಲ್ಲ, ಮುಜುಗರ ಅಷ್ಟೇ. ಗಂಟು, ಗಡಸು ಇದೆಯಾ ಅಂತ ಬೆರಳಿಗೆ ಗೊತ್ತಾಗುವುದು ರಕ್ತದಲ್ಲಿ ಗೊತ್ತಾಗುವುದಿಲ್ಲ. ಪಿಎಸ್‌ಎ ನಾರ್ಮಲ್ ಇದ್ದೂ ಕ್ಯಾನ್ಸರ್ ಇರಬಹುದು.

ಹಳೆಯ ರಿಪೋರ್ಟುಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಪೆನ್ನಿನಲ್ಲಿ ಗುರುತು ಹಾಕಿ ವಿವರಿಸಿದರು. ಮೇಲೆ ನಾನು ಬರೆದ ಅರ್ಧಕ್ಕರ್ಧ ಅಲ್ಲೇ ತಿಳಿದದ್ದು. ಅಕಸ್ಮಾತ್ ಏರುತ್ತಾ ಹೋದರೂ ನೇರ ಬಯಾಪ್ಸಿ ಇಲ್ಲ, ಮೊದಲು ಎಂಆರ್‌ಐ, ಅದರಲ್ಲಿ ಅನುಮಾನ ಬಂದರೆ ಮಾತ್ರ ಸೂಜಿ ಅಂದರು. ಆ ಮಾತಿನಿಂದ ನನ್ನ ಎದೆಯ ಭಾರ ಇಳಿಯಿತು.

ಯಾರಿಗೆ ಯಾವುದು? ಮೊದಲ ಸಲ ಮಾಡಿಸುವವರು ಆಸ್ಪತ್ರೆಗೇ ಹೋಗಿ, ಮಾತಾಡಿ ಆಮೇಲೆ ರಕ್ತ ಕೊಡಿ. ಖಾಸಗಿ ಫೀಸ್ ಕಷ್ಟ ಅನ್ನುವವರಿಗೆ ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆ ಆವರಣದ ಸರ್ಕಾರಿ ನೆಫ್ರೋ-ಯುರಾಲಜಿ (ಮೂತ್ರಪಿಂಡ ಮತ್ತು ಮೂತ್ರರೋಗ) ಸಂಸ್ಥೆ ಇದೆ. ಒಮ್ಮೆ ಡಾಕ್ಟರು ಇಷ್ಟು ಸಮಯಕ್ಕೊಮ್ಮೆ ನೋಡೋಣ ಅಂದ ಮೇಲೆ ಬಡಾವಣೆಯ ಲ್ಯಾಬು ಸಾಕು, ನಾನೀಗ ಮಾಡುತ್ತಿರುವುದೂ ಅದೇ. ಮನೆಗೆ ಕರೆಸುವುದು ನಡೆಯಲಾಗದವರಿಗೆ, ದೂರದ ಊರಿನವರಿಗೆ ನಿಜವಾಗಿಯೂ ಉಪಕಾರ. ಆದರೆ ಮೇಲಿನ ಹಾಳೆಯ ಪ್ರಶ್ನೆಗಳನ್ನು ನೀವೇ ಕೇಳಿಕೊಂಡು ಕೊಡಿ. ರಿಪೋರ್ಟನ್ನು ಡಾಕ್ಟರಿಗೆ ತೋರಿಸುವ ದಿನವನ್ನೂ ಆವತ್ತೇ ಗೊತ್ತು ಮಾಡಿಕೊಳ್ಳಿ.

ಮೂತ್ರದಲ್ಲಿ ರಕ್ತ ಕಂಡರೆ, ಮೂತ್ರ ಕಟ್ಟಿಕೊಂಡು ಹೊಟ್ಟೆ ಉಬ್ಬಿದರೆ, ಚಳಿಜ್ವರದ ಜೊತೆ ಉರಿಮೂತ್ರ ಇದ್ದರೆ ಈ ನಾಲ್ಕರಲ್ಲಿ ಆರಿಸುತ್ತಾ ಕೂರಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ. ಆಗ ಪಿಎಸ್‌ಎ ನೋಡಿದರೂ ತಪ್ಪು ಅಂಕಿ ಬರುವ ಸಾಧ್ಯತೆಯೇ ಹೆಚ್ಚು. ವಾಸಿಯಾಗಿ ಆರು ವಾರ ಕಳೆದ ಮೇಲೆ ಮಾಡಿಸಿ.